ಅದೇ ಜಾಗದ ಕೆಮ್ಮು

ಸೊಸೆ ಸಂಘಮಿತ್ರ ಬೆಳಿಗ್ಗೆ ಆರಕ್ಕೆ ಬುದ್ಧನ ಫೋಟೊ ಇರುವ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಬುದ್ಧಂ ಶರಣಂ ಗಚ್ಛಾಮಿ ಎಂದು ಮೂರು ಸಲ ತ್ರಿಶರಣ ಹೇಳುವವಳು. ಚಿಕ್ಕಬಳ್ಳಾಪುರದ ಈ ಮನೆಗೆ ಬಂದಾಗಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ನಾನು ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಅವಳ ಮಾವ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ನಿಲ್ಲಿಸಿದ್ದು ಆ ದನಿಯೇ.

ಅನುಮಾನ ಹುಟ್ಟಿದ್ದು ಅವಳ ಕೆಮ್ಮಿನಿಂದ. ಡಿಸೆಂಬರಿನ ಚಳಿಗೆ ಕೆಮ್ಮು ಹಿಡಿದಿತ್ತು, ಮೆಣಸಿನ ಕಷಾಯ ಕೊಟ್ಟು ವಾಸಿಮಾಡಿದ್ದೆ. ಮಾರ್ಚ್ ಬಂತು. ಊಟಕ್ಕೆ ಕೂತಾಗ ಕೆಮ್ಮಿಲ್ಲ, ಮಲಗಿದಾಗ ಕೆಮ್ಮಿಲ್ಲ. ಆ ಕೋಣೆಯಲ್ಲಿ ಮಾತ್ರ, ಎರಡನೆಯ ಸಲದ ಶರಣ ಮುಗಿದು ಮೂರನೆಯದಕ್ಕೆ ಹೊರಳುವಾಗ, ಎರಡು ಕೆಮ್ಮು. ನಿನ್ನೆಯೂ ಅಲ್ಲೇ, ಇವತ್ತೂ ಅಲ್ಲೇ.

ಮಗ ಅಂಬರೀಶನಿಗೆ ಹೇಳಿದೆ. ನೀನು ಪೊಲೀಸಿಗೆ ಸೇರಬೇಕಿತ್ತಮ್ಮ ಎಂದು ನಕ್ಕು ಬೈಕು ಹತ್ತಿದ.

ನಾನು ಕಾದೆ. ಅವಳಿಗೆ ಹಗಲು ಕಾಲೇಜಿನ ಪಾಠ, ಸಂಜೆ ಟ್ಯೂಷನ್, ಈ ವರ್ಷ ಕಿರುಪರೀಕ್ಷೆಗಳ ಉಸ್ತುವಾರಿಯೂ ಅವಳ ತಲೆಗೇ. ಮಾತಾಡಿಸಿದರೆ ಹೂಂ ಎನ್ನುತ್ತಾಳೆ, ಕಣ್ಣು ಮೊಬೈಲಿನಲ್ಲಿ. ದಿನಾ ಧ್ಯಾನಕ್ಕೆ ಕೂರುವವಳು ಹೀಗೆ ಸಿಡಿಮಿಡಿಗುಟ್ಟುತ್ತಾಳೆಯೇ? ಅವಳಿಲ್ಲದಾಗ ದಿನಾ ಬುದ್ಧನ ಮುಂದಿನ ಮೇಣದಬತ್ತಿ ನೋಡಿ ಬಂದೆ. ವಾರ ಕಳೆದರೂ ಅಷ್ಟೇ ಉದ್ದ.

ಶುಕ್ರವಾರ ಉಪ್ಪಿಟ್ಟು ಮಾಡುತ್ತಿದ್ದೆ. ಒಲೆಯ ಮೇಲೆ ಬಾಣಲೆ ಬಿಟ್ಟರೆ ಬೇರೇನೂ ಇಲ್ಲ. ಕೋಣೆಯೊಳಗಿಂದ ನಮ್ಮ ಹಳೇ ಕುಕ್ಕರು ಕೂಗಿತು. ಆ ಒಡಕು ಸೀಟಿ ನನಗೆ ಗೊತ್ತಿಲ್ಲವೇ? ಸಂಕ್ರಾಂತಿಗೆ ಮುಂಚೆಯೇ ಅದನ್ನು ಗುಜರಿಗೆ ಹಾಕಿದ್ದೆ. ಇಷ್ಟು ದಿನ ಹೊಸ ಕುಕ್ಕರಿನ ಸದ್ದಿನಲ್ಲಿ ಕೇಳಿಸಿರಲಿಲ್ಲ, ಅಷ್ಟೇ.

ಬಾಗಿಲು ತಳ್ಳಿದೆ. ಬುದ್ಧನ ಮುಂದೆ ಮೊಬೈಲು ತಾನೊಂದೇ ಶರಣ ಹೇಳುತ್ತಿತ್ತು. ಸಂಘಮಿತ್ರ ಗೋಡೆಗೊರಗಿ ಮಕ್ಕಳ ಪೇಪರು ತಿದ್ದುತ್ತಿದ್ದಳು.

“ಯಾವಾಗ್ನಿಂದಮ್ಮ ಇದು?”

“ಡಿಸೆಂಬರ್‌ನಿಂದ ಅತ್ತೆ.” ಪೆನ್ನು ಕೆಳಗಿಡಲಿಲ್ಲ. “ಟೈಮೇ ಸಾಕಾಗಲ್ಲ. ನಿಲ್ಸಿದ್ರೆ ನೀವು ನೊಂದ್ಕೋತೀರ ಅಂತ ರೆಕಾರ್ಡ್ ಮಾಡಿಟ್ಟೆ.”

“ನನ್ನೇನೋ ಏಮಾರಿಸ್ದೆ. ನಿನ್ನ ಗತಿ ಏನು?”

ಆಗ ತಲೆಯೆತ್ತಿದಳು. “ನೀವೂ ಒಂದಿನ ಒಳಗ್ಬಂದು ಕೂತಿಲ್ವಲ್ಲ ಅತ್ತೆ. ಒಗ್ಗರಣೆ ಹಾಕ್ಕೊಂಡೇ ಕೇಳ್ತೀರ. ಕೂತಿದ್ರೆ ಮೊದಲ್ನೇ ದಿನಾನೇ ಸಿಕ್ಕಾಕ್ಕೋತಿದ್ದೆ.”

ಉಪ್ಪಿಟ್ಟು ಸೀದ ವಾಸನೆ ಬಂತು. ಹೋಗಿ ಒಲೆ ಆರಿಸಿ ಬಂದು ಅವಳ ಪಕ್ಕ ಕೂತೆ. ಅವಳು ಮೊಬೈಲು ನಿಲ್ಲಿಸಿದಳು, ಮೇಣದಬತ್ತಿ ಹಚ್ಚಿದಳು, ಶುರುಮಾಡಿದಳು. ಎರಡನೆಯ ಸಲ ಮುಗಿಯಿತು. ಕೆಮ್ಮಿನ ಜಾಗ ಬಂತು. ಇಬ್ಬರೂ ಕಾದೆವು. ಕೆಮ್ಮು ಬರಲಿಲ್ಲ, ಅವಳಿಗೆ ಮುಂದಿನ ಸಾಲೂ ಬರಲಿಲ್ಲ. ಮೂರನೆಯದನ್ನು ನಾನೇ ಹೇಳಿದೆ.

ಈಗ ದಿನಾ ಒಳಗೇ ಕೂರುತ್ತೇನೆ. ಅವಳು ನಿಜವಾಗಿ ಕಣ್ಣು ಮುಚ್ಚಿದ್ದಾಳೆಯೇ ಎಂದು ಒಮ್ಮೆ ಓರೆಗಣ್ಣಲ್ಲಿ ನೋಡುತ್ತೇನೆ. ಅವಳೂ ನನ್ನನ್ನು ನೋಡುತ್ತಿರುತ್ತಾಳೆ.