ದನಿ ಕೇಳಿದವನು

ಬಟ್ಟೆಗೆ ಬಣ್ಣ ಹಾಕುವ ಆ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಇಬ್ಬರೇ. ಒಬ್ಬ ಇವನು, ಇನ್ನೊಬ್ಬರು ಇವನ ಅಕ್ಕನ ಗಂಡ. ಕೆಲಸ ಕೊಡಿಸಿದವರೂ, ಉಗಿಯ ಒತ್ತಡ ತೋರಿಸುವ ಮುಳ್ಳು ಎಲ್ಲಿಗೆ ಬಂದರೆ ಏನು ಮಾಡಬೇಕೆಂದು ಕೈಹಿಡಿದು ಕಲಿಸಿದವರೂ ಆ ಭಾವನೇ. ಬೆಳಗಿನ ಪಾಳಿ ಒಬ್ಬರದಾದರೆ ಮಧ್ಯಾಹ್ನದ್ದು ಇನ್ನೊಬ್ಬರದು.

ಆ ದಿನ ಬೆಳಗಿನ ಪಾಳಿ ಇವನದು. ದವಡೆಹಲ್ಲು ಎರಡು ದಿನದಿಂದ ಪ್ರಾಣ ಹಿಂಡುತ್ತಿತ್ತು. ಊದಿದ ಕೆನ್ನೆ ಹಿಡಿದುಕೊಂಡು ಹೋಗಿ ಭಾವನ ಮನೆ ಬಾಗಿಲಲ್ಲಿ ನಿಂತಾಗ ಅವರು ನಕ್ಕುಬಿಟ್ಟರು. "ಒಂದು ಕೆನ್ನೆ ಸಾಹುಕಾರಂದು, ಇನ್ನೊಂದು ಬಡವಂದು ಆಗಿದೆಯಲ್ಲೋ. ಹೋಗು, ಕೀಳಿಸ್ಕೊಂಡು ಬಾ, ನಾನು ನೋಡ್ಕೋತೀನಿ," ಎಂದು ಅಂಗಿ ತೊಟ್ಟು ಹೊರಟರು. ವೈದ್ಯರ ಕುರ್ಚಿಯಲ್ಲಿ ಇವನ ಹಲ್ಲು ಆಗಷ್ಟೇ ಕಿತ್ತುಬಂದಿತ್ತು, ಕಿಟಕಿಯ ಗಾಜುಗಳು ಗಡಗಡ ಅದುರಿದವು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಓಡಿದ. ಬಾಯ್ಲರ್ ಮನೆಗೆ ಚಾವಣಿಯೇ ಇರಲಿಲ್ಲ. ಭಾವನನ್ನು ಗುರುತು ಹಿಡಿದದ್ದು ಸೊಂಟದ ಬೆಲ್ಟಿನಿಂದ.

ತಿಂಗಳಾನುಗಟ್ಟಲೆ ಇವನು ಯಾರಿಗೂ ಮುಖ ಕೊಡಲಿಲ್ಲ. ಕೊನೆಗೆ ಗಡ್ಡ ತೆಗೆಸಲು ಹೋದಾಗ ಕ್ಷೌರದವನು, ಅವತ್ತು ಮನಸ್ಸಿಗೆ ಏನೂ ಸೂಚನೆ ಬರಲಿಲ್ಲವೇ ಎಂದು ಕೇಳಿದ. ಏನಾದರೊಂದು ಹೇಳಬೇಕಲ್ಲ ಎಂದು ಇವನು, ಯಾರೋ ಹೋಗಬೇಡ ಅಂದ ಹಾಗೆ ಹಲ್ಲು ನೋಯುತ್ತಿತ್ತು ಎಂದ. ಕತ್ತಿ ಕೆನ್ನೆಯ ಮೇಲೇ ನಿಂತಿತು. ಸರದಿಗೆ ಕೂತಿದ್ದವರು ಪೇಪರ್ ಮಡಚಿ ಕಿವಿಗೊಟ್ಟರು.

ವಾರ ಕಳೆಯುವುದರೊಳಗೆ 'ಅಂದ ಹಾಗೆ' ಹೋಗಿ 'ಅಂದರು' ಉಳಿಯಿತು. ಆಮೇಲೆ ಹಲ್ಲೂ ಕತೆಯಿಂದ ಹೊರಬಿತ್ತು. ಹೆಂಗಸಿನ ದನಿ, ಕಿವಿಯ ಪಕ್ಕದಲ್ಲೇ, ಎರಡು ಸಲ. ಕೇಳಿದವರು ಉಪ್ಪುಖಾರ ಹಚ್ಚಿದ್ದು ಸ್ವಲ್ಪ. ಇವನೇ ಹಚ್ಚಿದ್ದು ಜಾಸ್ತಿ. ಹೇಳುತ್ತಿರುವಷ್ಟು ಹೊತ್ತು, ತಾನು ಬದುಕಿ ಉಳಿದದ್ದಕ್ಕೆ ಏನೋ ಕಾರಣವಿದೆ ಅನ್ನಿಸುತ್ತಿತ್ತು. ಮುಗಿದ ಮೇಲೆ ಎದೆಯ ಮೇಲೆ ಮತ್ತೆ ಅದೇ ಭಾರ. ಹಾಗಾಗಿ ಮತ್ತೆ ಹೇಳುತ್ತಿದ್ದ. ಒಂದು ದಿನ ವಾರಪತ್ರಿಕೆಯವರು ಬಂದು ಫೋಟೋ ಸಮೇತ ಅಚ್ಚು ಹಾಕಿದರು.

ಆ ಪತ್ರಿಕೆ ಹಿಡಿದು ಅಕ್ಕ ಬಂದಳು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಅಲ್ಲಿಗೆ ಹೋದ್ರೆ ಸಾವು ಅಂತ ನಿಂಗೆ ಗೊತ್ತಾಯ್ತು. ಗೊತ್ತಾದ್ಮೇಲೂ ನಮ್ಮನೆ ಬಾಗಿಲಿಗೆ ಬಂದು ಅವರನ್ನ ಕಳಿಸ್ದೆ. ಅಲ್ವಾ?"

ಇವನು ಅಷ್ಟು ಜನಕ್ಕೆ ಹೇಳಿದ್ದ, ಕತೆಗೆ ಇಂಥದೊಂದು ಮಗ್ಗುಲು ಇದೆಯೆಂದು ಒಮ್ಮೆಯೂ ಹೊಳೆದಿರಲಿಲ್ಲ. ದನಿಯೂ ಇಲ್ಲ ಗಿನಿಯೂ ಇಲ್ಲ, ಬರೀ ಹಲ್ಲುನೋವು, ಮಿಕ್ಕಿದ್ದೆಲ್ಲ ತಾನೇ ಕಟ್ಟಿದ್ದು ಎಂದು ಅವಳ ಕಾಲು ಹಿಡಿದುಕೊಂಡ. ನಂಬಲಿ ಎಂದು ಬಾಯಿ ತೆರೆದು ಹಲ್ಲು ಕಿತ್ತ ಜಾಗವನ್ನೂ ತೋರಿಸಿದ.

ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು.

"ಇಷ್ಟಕ್ಕೇನಾ ಅವರು ಹೋಗಿದ್ದು?"

ಅವಳು ಕಾಲು ಬಿಡಿಸಿಕೊಂಡು ಹೊಸ್ತಿಲಿಗೆ ಹೋಗಿ ನಿಂತಳು.

"ಇದನ್ನ ಇನ್ನೊಂದ್ಸಲ ನನ್ನೆದುರು ಹೇಳ್ಬೇಡ. ನನ್ನ ಮಗಳ ಹತ್ರ ಅಂತೂ ಹೇಳಲೇಬೇಡ. ನಿನ್ನ ಮೇಲೆ ಸಿಟ್ಟು ಇಟ್ಕೊಂಡಾದ್ರೂ ನಾವು ಬದುಕ್ತೀವಿ ಕಣೋ. ಹಲ್ಲುನೋವಿನ ಮೇಲೆ ಏನಂತ ಸಿಟ್ಟಾಗೋದು? ಹೇಳು, ದನಿ ಕೇಳ್ತು ಅನ್ನು."

ಇವನು ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದ. ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಕೇಳ್ತು, ಅಕ್ಕಾ," ಎಂದ ಕೊನೆಗೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಇವನು ಯಾರಿಗೂ ಕತೆ ಹೇಳಲಿಲ್ಲ. ಕ್ಷೌರದಂಗಡಿಯಲ್ಲಿ ಒಮ್ಮೆ ನಿಜ ಹೇಳಹೊರಟರೆ ಯಾರಿಗೂ ರುಚಿಸಲಿಲ್ಲ. ದೊಡ್ಡ ಮನಸ್ಸಿನವನು, ಹೇಳಿಕೊಳ್ಳುವುದಿಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗಿರಣಿಗೆ ಹೊಸ ಬಾಯ್ಲರ್ ಬಂತು, ಎರಡನೇ ಪಾಳಿಗೆ ಹೊಸಬ ಬಂದ.

ಭಾವನ ಮಗಳು ಕಾಲೇಜಿಗೆ ಹೋಗುವುದು ಗಿರಣಿಯ ಎದುರಿನ ನಿಲ್ದಾಣದಿಂದಲೇ. ಮಾಮಾ ಎಂದು ಹೆಗಲಿಗೆ ಜೋತುಬಿದ್ದು ಬೆಳೆದವಳು, ಈಗ ಇವನನ್ನು ಕಂಡರೆ ಬೆನ್ನು ತಿರುಗಿಸುತ್ತಾಳೆ. ಅವಳ ಬಸ್ಸು ಬಂದು ಹೋಗುವವರೆಗೆ ಇವನು ಗೇಟಿನ ಒಳಗೇ ನಿಂತಿರುತ್ತಾನೆ.