ಬೇಡ ಅಂದವಳು ವಿಮಲಮ್ಮನೇ

ಗುರುಸಿದ್ದಯ್ಯ ತೀರಿಕೊಂಡ ಹೆಂಡತಿಯ ಗಲ್ಲ ಹಿಡಿದು ತಲೆಯನ್ನು ನೆಟ್ಟಗೆ ನಿಲ್ಲಿಸಿದರು. ಮಗಳು ಅನಘಾ ಹಿಂದಿನಿಂದ ಬಿಳಿ ಬಟ್ಟೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದಳು. ಹಾಗೆ ಕುಳ್ಳಿರಿಸಿದ ವಿಮಲಮ್ಮನ ಹಣೆಗೆ ಮಠದ ಅಯ್ಯನವರು ವಿಭೂತಿ ಹಚ್ಚುತ್ತಿದ್ದಾಗ ದಾವಣಗೆರೆಯಿಂದ ಅವಳ ತಮ್ಮ ಏಕಾಂತಯ್ಯ ಬಂದ. ಅಕ್ಕನ ಕಾಲ ಬಳಿ ಕುಸಿದು ಕೂತ. ಆಮೇಲೆ ತಲೆ ಎತ್ತಿ ಭಾವನನ್ನು ನೋಡಿದ.

"ಗಂಟಲಿಗೆ ಉಸಿರಾಟದ ನಳಿಗೆ ಹಾಕ್ಸಿದ್ರೆ ಇನ್ನೂ ಕೆಲವು ವರ್ಷ ಇರ್ತಾಳೆ ಅಂತ ಡಾಕ್ಟ್ರು ಹೇಳಿದ್ರಂತೆ. ನಿಜಾನಾ ಭಾವಾ?"

"ಹೇಳಿದ್ರು."

"ಮತ್ಯಾಕೆ ಹಾಕ್ಸಲಿಲ್ಲ?"

"ಅವಳೇ ಬೇಡ ಅಂದ್ಲು."

"ಮಾತೇ ನಿಂತೋದೋಳು ಹೆಂಗ್ರಿ ಬೇಡ ಅಂತಾಳೆ?"

ವಿಮಲಮ್ಮನ ಜೊತೆ ರೊಟ್ಟಿ ತಟ್ಟುತ್ತಿದ್ದ ಕೋಕಿಲಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಂಪ್ಯೂಟರ್‌ನಾಗೆ ಕಣ್ಣಲ್ಲೇ ಮಾತಾಡೋರು ಅಣ್ಣಾ. ನಾನೇ ನೋಡಿದೀನಿ."

"ಯಾವುದೋ ಮೆಷಿನ್ ಮಾತು ಕೇಳಿ ನಮ್ಮಕ್ಕನ್ನ ಸಾಯೋಕೆ ಬಿಟ್ರಾ?"

ಪಡಸಾಲೆಯಲ್ಲಿದ್ದವರೆಲ್ಲ ಗುರುಸಿದ್ದಯ್ಯನವರ ಮುಖ ನೋಡಿದರು. ಅವರು ಹೆಂಡತಿಯ ಕೊರಳಿನ ಹಾರ ಸರಿಮಾಡಿದರು.

*

ಬಸವೇಶ್ವರನಗರದ ಆ ಮನೆಯಿಂದ ಮದುವೆ, ಗೃಹಪ್ರವೇಶಗಳಿಗೆಲ್ಲ ಜೋಳದ ರೊಟ್ಟಿ ಹೋಗುತ್ತಿತ್ತು. ಒಂದು ದಿನ ವಿಮಲಮ್ಮನ ಕೈಯಿಂದ ರೊಟ್ಟಿ ಜಾರಿತು. ಆಮೇಲೆ ನಾಲಿಗೆ ತೊದಲಿತು. ನರಗಳು ಒಂದೊಂದಾಗಿ ಸೋತು, ಕಡೆಗೆ ಮೈಯಲ್ಲಿ ಅವಳ ಮಾತು ಕೇಳುವಂಥದ್ದು ಕಣ್ಣೆರಡೇ ಉಳಿದವು.

ಅನಘಾ ಆ ಕಂಪ್ಯೂಟರ್ ತಂದಳು. ಪರದೆಯ ಕೆಳಗಿನ ಕ್ಯಾಮೆರಾ ಕಣ್ಣಿನ ಗುಡ್ಡೆಯನ್ನೇ ಹಿಂಬಾಲಿಸುತ್ತಿತ್ತು. ವಿಮಲಮ್ಮ ನೋಡಿದ ಕಡೆಗೆ ಚುಕ್ಕಿ ಓಡುವುದು. ನೋಟ ಒಂದು ಅಕ್ಷರದ ಮೇಲೆ ನಿಂತರೆ ಅದು ಮೂಡುವುದು. ಕೊನೆಗೆ ಒಂದು ಹೆಣ್ಣುದನಿ ಎಲ್ಲವನ್ನೂ ಕೂಡಿಸಿ ಓದುವುದು. ಮೊದಲ ದಿನ ಅವಳು ಏನು ಹೇಳುವಳೋ ಎಂದು ಅಪ್ಪ ಮಗಳು ಪರದೆಯನ್ನೇ ನೋಡುತ್ತ ನಿಂತಿದ್ದರು.

"ಹಾಲು ಉಕ್ಕಿತು," ಎಂದಿತು ದನಿ.

ಗುರುಸಿದ್ದಯ್ಯ ಅಡುಗೆಮನೆಗೆ ಓಡಿದರು. ಅವತ್ತಿನಿಂದ ರೊಟ್ಟಿ ಕೆಲಸ ಮತ್ತೆ ಶುರುವಾಯಿತು. ಕೋಣೆಯಿಂದಲೇ ಅಪ್ಪಣೆ ಬರುತ್ತಿತ್ತು: "ಕೋಕಿಲಾ, ಹಿಟ್ಟು ಇನ್ನೂ ನಾದು."

ಆದರೆ ಉಸಿರು ಕೈಕೊಡತೊಡಗಿತು. ಡಾಕ್ಟರು ನಳಿಗೆಯ ಮಾತೆತ್ತಿದ ದಿನ ಗುರುಸಿದ್ದಯ್ಯ ಮಂಚದ ಪಕ್ಕ ಕೂತು ಗೋಗರೆದರು. "ನನಗೋಸ್ಕರನಾದ್ರೂ ಹಾಕಿಸ್ಕೋ ವಿಮಲಾ."

ಅವಳ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ನಿಧಾನವಾಗಿ ನಡೆದವು. "ಇಷ್ಟು ದಿನ ನಿಮಗೋಸ್ಕರಾನೇ ಇದ್ದೆ. ಸಾಕು. ನಳಿಗೆ ಬೇಡ."

"ಏಕಾಂತನಿಗೆ ಏನಂತ ಹೇಳ್ಲಿ?"

ಈ ಸಲ ಇನ್ನೂ ತಡವಾಯಿತು. "ಅವನು ಬಯ್ತಾನೆ. ಬಯ್ಸ್ಕೊಳ್ಳಿ. ನಾನು ಎತ್ತಿ ಬೆಳೆಸಿದ ಕೂಸು."

ಆಮೇಲೆ ಕಣ್ಣು ಮುಚ್ಚಿಕೊಂಡಳು. ಮಾತು ಮುಗಿಯಿತು ಅನ್ನುವುದನ್ನು ಅವಳು ಹೇಳುತ್ತಿದ್ದದ್ದು ಹಾಗೆ.

*

ರುದ್ರಭೂಮಿಯಿಂದ ಬಂದು ಎಲ್ಲರೂ ಸ್ನಾನ ಮಾಡಿದ್ದಾಯಿತು. ಏಕಾಂತಯ್ಯ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅವಳು ಹಾಸಿಗೆ ಹಿಡಿದ ಮೇಲೆ ಅವನು ಬಂದದ್ದೇ ಅಪರೂಪ. ಬಂದರೂ ಪಡಸಾಲೆಯಲ್ಲೇ ಕೂತು ಹೊರಟುಬಿಡುತ್ತಿದ್ದ. ಆ ಸ್ಥಿತಿಯಲ್ಲಿ ಅವಳನ್ನು ನೋಡಲು ಅವನಿಗೆ ಧೈರ್ಯವಿರಲಿಲ್ಲ.

"ಬನ್ನಿ ಮಾಮ, ಇಲ್ಲಿ ಕೂತ್ಕೊಳಿ," ಎನ್ನುತ್ತ ಅನಘಾ ಕಂಪ್ಯೂಟರ್ ಹಚ್ಚಿದಳು. "ಅಮ್ಮ ಹೆಂಗೆ ಮಾತಾಡ್ತಿದ್ಲು ಅಂತ ನೀವೇ ನೋಡಿ. ಕೈ ಆಡಿಸ್ಬೇಡಿ, ತಲೆನೂ. ಬರೀ ಕಣ್ಣು."

ಅವನು ಕೂತ. ಚುಕ್ಕಿ ಅವನ ನೋಟದ ಹಿಂದೆ ಹೊರಟಾಗ ಬೆಚ್ಚಿದ.

"ಏನ್ ಬರೀಲವ್ವಾ?"

"ಏನಾದ್ರೂ."

ಏಕಾಂತಯ್ಯ ಅಕ್ಷರಗಳ ಸಾಲನ್ನು ದಿಟ್ಟಿಸಿದ. ಮೊದಲನೆಯದರ ಮೇಲೆಯೇ ಕಣ್ಣು ನಿಂತಿತು. ‘ಅ’ ಮೂಡಿತು. ‘ಕ್ಕ’ ಹುಡುಕಲು ನೋಟ ಕೆಳಗಿಳಿಯುವಷ್ಟರಲ್ಲಿ ಕಣ್ಣು ತುಂಬಿಬಂದವು. ನೀರಿನ ಹಿಂದಿನ ಗುಡ್ಡೆ ಕ್ಯಾಮೆರಾಗೆ ಸಿಗಲಿಲ್ಲ. ಚುಕ್ಕಿ ಅಲ್ಲಿ ಇಲ್ಲಿ ತಡವರಿಸಿ ಮಾಯವಾಯಿತು.

"ಒರೆಸ್ಕೊಳಿ ಮಾಮ."

ಅವನು ಒರೆಸಿಕೊಳ್ಳಲಿಲ್ಲ. ಕೈ ತೊಡೆಯ ಮೇಲಿಟ್ಟು, ಕತ್ತು ಅಲುಗಿಸದೆ, ನೋಡುತ್ತಲೇ ಇದ್ದ. ಪರದೆಯ ಖಾಲಿ ಸಾಲಿನಲ್ಲಿ ‘ಅ’ ಒಂದೇ ಇತ್ತು.