ಒಂದೇ ಬಿಲ್ಲೆ

"ಏನೇ, ಕೂತಲ್ಲೇ ಕೆರೆ ಕಟ್ಟಿಸ್ತಿದೀಯಾ?"

ಮೇಸ್ತ್ರಿಯ ಕೂಗು ನಲವತ್ತು ಹೊಲಿಗೆ ಯಂತ್ರಗಳ ಸದ್ದನ್ನೂ ಮೀರಿತು. ಬಟ್ಟೆಯ ಧೂಳಿಗೆ ಒಂದೇ ಒಂದು ಸೀನು ಬಂದಿತ್ತು. ಅಷ್ಟಕ್ಕೇ ಕಾಲರ್ ಹೊಲಿಯುವವಳ ಸ್ಟೂಲು ಒದ್ದೆ. ಹೆತ್ತು ಮೂರು ತಿಂಗಳಾಗಿತ್ತು. ಸೀನಿದರೂ ಸೋರುತ್ತಿತ್ತು, ಬಟ್ಟೆಯ ಗಂಟು ಎತ್ತಿದರೂ ಸೋರುತ್ತಿತ್ತು.

"ಕಕ್ಕಸಿಗೆ ಬಿಡಿ ಅಂತ ಬೆಳಿಗ್ಗೆಯಿಂದ ಮೂರು ಸಲ ಕೇಳ್ದೆ ಸಾರ್."

ಮೇಸ್ತ್ರಿ ತನ್ನ ಮೇಜಿನ ಹಿಂದಿನ ಮೊಳೆ ತೋರಿಸಿದ. ಅಲ್ಲಿ ನೇತಾಡುವ ಮರದ ಬಿಲ್ಲೆ ಹಿಡಿದವಳಿಗಷ್ಟೇ ಕಕ್ಕಸು. "ಇರೋದು ಒಂದೇ ಬಿಲ್ಲೆ. ನಿನ್ನ ಉಚ್ಚೆಗೆ ಬೇರೆ ಕೆತ್ತಿಸ್ಲಾ, ಮುಂಡೇದೆ? ಒರೆಸು. ಇನ್ನೊಂದ್ಸಲ ಆದ್ರೆ ಆ ಸ್ಟೂಲಲ್ಲಿ ಬೇರೆಯೋಳು ಕೂತಿರ್ತಾಳೆ."

ಎಲ್ಲರೂ ನೋಡುತ್ತಿರುವಂತೆಯೇ ಅವಳು ಮಂಡಿಯೂರಿ ಒರೆಸಿದಳು.

ಸಂಜೆ ಗೇಟು ದಾಟಿದ್ದೇ ಆಸ್ಪತ್ರೆಗೆ ಓಡಿದಳು. ಪಕ್ಕದ ಯಂತ್ರದಲ್ಲಿ ಗುಂಡಿ ಹಚ್ಚಿ ಹಚ್ಚಿ ಹೆಸರೇ ಹಾಗಾಗಿದ್ದ ಗುಂಡಿಯಕ್ಕನೂ ಜೊತೆಗೆ ಬಂದಳು.

"ಹೆರಿಗೆ ಆದಾಗ ನೀವು ಹೇಳ್ದಂಗೇ ವ್ಯಾಯಾಮ ಮಾಡ್ತಿದೀನಿ ನರ್ಸಮ್ಮ. ಬೆಳಿಗ್ಗೆ ಬಿಗಿ ಹಿಡಿದ್ರೆ ಊಟದ ಗಂಟೆವರೆಗೂ ಬಿಡಲ್ಲ."

ನರ್ಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಹುಚ್ಚಿ! ಉಚ್ಚೆ ಕಟ್ಕೊಂಡು ಕೂರೋದಲ್ವೇ ವ್ಯಾಯಾಮ. ಮೊದ್ಲು ಹೋಗಿ ಬಾ. ಆಮೇಲೆ ಉಚ್ಚೆ, ಹೂಸು ಎರಡನ್ನೂ ತಡೆಯೋ ಹಂಗೆ ಒಳಗಿಂದ್ಲೇ ಮೇಲಕ್ಕೆ ಎಳ್ಕೊ. ಉಸಿರು ಕಟ್ಟದೆ ಐದು ಎಣಿಸು. ಪೂರ್ತಿ ಬಿಡು, ಮತ್ತೆ ಐದು ಎಣಿಸು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಿಡೋದೂ ಅರ್ಧ ಕೆಲಸ ಕಣೇ. ಗಂಟು ಗಿಂಟು ಎತ್ಬೇಡ. ಕೆಲವು ತಿಂಗಳು ತಪ್ಪದೆ ಮಾಡಿದ್ರೆ ಹಿಡಿತ ಬರುತ್ತೆ."

"ಹೋಗೋಕೆ ಬಿಟ್ರಲ್ವಾ ತಾಯಿ," ಗುಂಡಿಯಕ್ಕ ನಕ್ಕಳು. "ನಂಗೆ ಇಪ್ಪತ್ತು ವರ್ಷದಿಂದ ಸೋರ್ತಿದೆ. ಹೆತ್ತೋರ ಹಣೆಬರಹ ಅಂದ್ಕೊಂಡು ಚಿಂದಿ ಸುತ್ಕೊಂಡಿದೀನಿ."

ಕಾಲರ್ ಹೊಲಿಯುವವಳಿಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ! ದಾರಿಯುದ್ದಕ್ಕೂ ಅದೇ ಮಾತು ಮುಳ್ಳಿನಂತೆ ಚುಚ್ಚಿತು.

ಮರುದಿನ ಯಂತ್ರ ಶುರುವಾಗಿ ಎರಡು ತಾಸಾಗಿತ್ತು. ಅವಳು ಎದ್ದಳು.

"ಕೂತ್ಕೊಳ್ಳೇ!"

ಕೂರಲಿಲ್ಲ. ಮೊಳೆಯಿಂದ ಬಿಲ್ಲೆ ಕಿತ್ತುಕೊಂಡು ಹೋದಳು. ಬರಿಗೈಯಲ್ಲಿ ಬಂದಳು.

"ಬಿಲ್ಲೆ ಎಲ್ಲೇ?"

"ಕಕ್ಕಸಿನ ತೂತೊಳಗೆ ಹಾಕ್ದೆ. ಕೈ ಹಾಕಿ ತಗೊಳ್ಳಿ ಸಾರ್. ನಿನ್ನೆ ನಾನು ಒರೆಸಿದ್ದಾಯ್ತು, ಇವತ್ತು ನಿಮ್ಮ ಪಾಳಿ."

"ಸೂಳೆಮುಂಡೆ, ನಡಿಯೇ ಹೊರಗೆ!"

ಅವಳು ತನ್ನ ಸ್ಟೂಲಿನ ಮೇಲೇ ಕೂತಳು. ಪೆಡಲಿನಿಂದ ಕಾಲು ತೆಗೆದು, ಬೆನ್ನು ನೆಟ್ಟಗೆ ಮಾಡಿ, ಗಟ್ಟಿಯಾಗಿ ಎಣಿಸಿದಳು. "ಒಂದು. ಎರಡು."

ಪಕ್ಕದ ಯಂತ್ರ ನಿಂತಿತು. "ಮೂರು," ಅಂದಳು ಗುಂಡಿಯಕ್ಕ.

ನಾಲ್ಕು ಅನ್ನುವಾಗ ಆ ಸಾಲಿಡೀ ನಿಂತಿತ್ತು. ಏನು ಎಣಿಸುತ್ತಿದ್ದಾರೆಂದು ಮೇಸ್ತ್ರಿಗೆ ತಿಳಿಯಲಿಲ್ಲ. ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ಯಾರನ್ನೂ ಕೇಳದೆ, ಖಾಲಿ ಮೊಳೆಯ ಮುಂದೆಯೇ ಹಾದು ಕಕ್ಕಸಿನ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು.

"ಐದು. ಬಿಡ್ರೇ!"